ಹ್ಞೂಂ ಲೆಕ್ಕಕ್ಕಿಲ್ಲ

ಸಂಸದೀಯ ಕಾರ್ಯವಿಧಾನದ ದೂರಶಿಕ್ಷಣ ಕೋರ್ಸಿಗೆ ಯಾಕೆ ಸೇರಿದೆ ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಎರಡು ಕಾರಣಗಳಿವೆ. ಎರಡೂ ಹುಟ್ಟಿದ್ದು ನಾನು ಸೇರಿದ ಮೇಲೆ.

ಮೊದಲನೆಯದು ನಮ್ಮ ಓಣಿಯ ಸಭೆ. ಬೀದರಿನ ಚಿದ್ರಿಯಲ್ಲಿ ನಮ್ಮ ಸಾಲಿನ ಮನೆಯವರೆಲ್ಲ ಆಗಾಗ ಸೇರುತ್ತೇವೆ. ನೀರಿನ ಪೈಪಿನಿಂದ ಶುರುವಾದ ಮಾತು, ಯಾರದೋ ಮಗಳ ಮದುವೆಯಲ್ಲಿ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು ಎಂಬಲ್ಲಿಗೆ ಹೋಗಿ, ಅಲ್ಲೇ ಚಹಾ ಕುಡಿದು, ಎದ್ದುಹೋಗುತ್ತದೆ. ಪೈಪು ಸೋರುತ್ತಲೇ ಇರುತ್ತದೆ. ಎರಡನೆಯ ಕಾರಣ ನಮ್ಮ ಅತ್ಯಾಳ ಮದುವೆ. ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಇದು ಹೆಚ್ಚು ಚಂದದ ಕಾರಣ, ಹೇಳಿದಾಗ ಎದುರಿನವರ ಮುಖ ಅರಳುತ್ತದೆ. ಆದರೆ ಅತ್ಯಾ ಮದುವೆಯ ಮಾತು ತೆಗೆದ ಹೊತ್ತಿಗೆ ನಾನು ಆಗಲೇ ಅರ್ಧ ಪಾಠಗಳನ್ನು ಓದಿ ಮುಗಿಸಿದ್ದೆ. ಹೆಂಡತಿಯ ನೆನಪೇ ಬೇರೆ. ನಾನು ಮೊಬೈಲಿನಲ್ಲಿ ಕುಕ್ಕರಿನ ರಬ್ಬರು ಹುಡುಕುತ್ತಿದ್ದೆನಂತೆ, ಕೋರ್ಸಿನ ಜಾಹೀರಾತು ಅಡ್ಡ ಬಂತಂತೆ, ರಬ್ಬರು ಬಿಟ್ಟು ಕೋರ್ಸು ತೆಗೆದುಕೊಂಡೆನಂತೆ. ನಮ್ಮ ಕುಕ್ಕರು ಇವತ್ತಿಗೂ ಸರಿಯಾಗಿ ಸೀಟಿ ಹೊಡೆಯುವುದಿಲ್ಲ ಎಂಬುದು ಅವಳ ಸಾಕ್ಷಿ.

ಅವಳ ನೆನಪು ನಿಜವಿರಬೇಕು. ಚಂದವಿಲ್ಲದ ನೆನಪುಗಳನ್ನು ನಾನು ಹೆಚ್ಚು ನಂಬುತ್ತೇನೆ.

ಅರ್ಧಕ್ಕೆ ಬಿಟ್ಟ ಕೋರ್ಸುಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಜೇನು ಸಾಕುವುದನ್ನು ಕಲಿಯಲು ತಂದ ಪೆಟ್ಟಿಗೆಗೆ ಒಂದು ಹುಳವೂ ಬರಲಿಲ್ಲ. ಹೆಂಡತಿ ಅದರಲ್ಲಿ ಬೆಳ್ಳುಳ್ಳಿ ಇಡುತ್ತಾಳೆ. ಹಳೆಯ ಕಾಗದಪತ್ರ ಓದುವ ಆಸೆಯಿಂದ ಮೋಡಿ ಲಿಪಿ ಕಲಿಯಲು ಹೋದೆ, ನನ್ನ ಹೆಸರು ಬರೆಯುವಷ್ಟು ಕಲಿತು ಸಾಕೆನಿಸಿತು. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು, ಶುರು ಮಾಡಿದ ಲೆಕ್ಕವನ್ನು ಮುಗಿಸದೆ ಎದ್ದವರನ್ನು ಕಂಡರೆ ಆಗುವುದಿಲ್ಲ. ಹೊಸ ಕೋರ್ಸಿನ ಸುದ್ದಿ ಹೇಳಿದಾಗ ಒಂದೇ ಮಾತು ಕೇಳಿದಳು.

“ಇದನ್ನರ ಮುಗಸ್ತೀರೋ, ಇದಕ್ಕೂ ಒಂದು ಪೆಟಗಿ ತರ್ತೀರೋ?”

ಪಾಠಗಳು ಮೊಬೈಲಿಗೆ ಬರುತ್ತಿದ್ದವು. ಮೊಬೈಲಿನಲ್ಲಿ ಓದಿದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಹಳೆಯ ಊರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸುತ್ತಿದ್ದೆ. ಅಂಗಡಿ ನಡೆಸುವವನನ್ನು ಎಲ್ಲರೂ ಭಾಯಿ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಯಂತ್ರದಿಂದ ಹೊರಬರುವ ಬಿಸಿ ಕಾಗದವನ್ನು ಕೈಯಲ್ಲಿ ಹಿಡಿದು ಓದುವುದು ಅವನ ಅಭ್ಯಾಸ. ಊರಿನ ಅರ್ಧ ಜನರ ಜಾತಕ, ಜಮೀನು, ಆಸ್ಪತ್ರೆಯ ವಿಷಯ ಅವನಿಗೆ ಗೊತ್ತು, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ನನ್ನ ಪಾಠಗಳನ್ನೂ ಹಾಗೇ ನಿಂತಲ್ಲೇ ಓದತೊಡಗಿದ. ಮುಂದಿನ ಸಲ ನಾನು ಹೋದಾಗ, ತಾನೂ ಕೋರ್ಸಿಗೆ ಸೇರಿದ್ದೇನೆ ಎಂದ. ಅವನ ಮೊಹಲ್ಲಾದ ಕಮಿಟಿಯಲ್ಲೂ ಪೈಪಿನ ಮಾತು ಬಿರಿಯಾನಿಯಲ್ಲಿ ಮುಗಿಯುತ್ತದಂತೆ.

ಹೀಗೆ ಬೀದರಿನಲ್ಲಿ ನಾವಿಬ್ಬರು ವಿದ್ಯಾರ್ಥಿಗಳಾದೆವು. ಬೇರೆಯವರೂ ಇದ್ದಿರಬಹುದು, ನಾವು ಕಾಣಲಿಲ್ಲ. ದೂರಶಿಕ್ಷಣದಲ್ಲಿ ಎಲ್ಲರೂ ದೂರವೇ.

ಪಾಠದ ಕನ್ನಡ ಬೆಂಗಳೂರಿನ ಕಚೇರಿಯಲ್ಲಿ ಇಸ್ತ್ರಿ ಮಾಡಿ ಕಳಿಸಿದ ಕನ್ನಡ. ಪ್ರಸ್ತಾವ, ಅನುಮೋದನೆ, ತಿದ್ದುಪಡಿ, ನಡಾವಳಿ. ನಮ್ಮ ಕಡೆ ಇದಕ್ಕೆಲ್ಲ ಸೇರಿ ‘ಠರಾವು’ ಎಂಬ ಒಂದೇ ಮಾತಿದೆ. ಭಾಯಿಗೆ ಆ ಇಸ್ತ್ರಿ ಮಾಡಿದ ಮಾತುಗಳ ಮೇಲೆ ಮೋಹ ಹುಟ್ಟಿತು. ಅದರಲ್ಲೂ ಒಂದು ಮಾತು ಅವನ ಬಾಯಿಗೆ ಅಂಟಿಕೊಂಡಿತು: ಕ್ರಿಯಾಲೋಪ. ಸಭೆಯಲ್ಲಿ ಯಾರಾದರೂ ನಿಯಮ ತಪ್ಪಿದರೆ ಯಾವ ಸದಸ್ಯನಾದರೂ ಎದ್ದು ನಿಂತು ‘ಕ್ರಿಯಾಲೋಪ’ ಎನ್ನಬಹುದು. ಆಗ ಮಾತಾಡುತ್ತಿದ್ದವರು ಎಷ್ಟೇ ದೊಡ್ಡವರಿರಲಿ ನಿಲ್ಲಿಸಬೇಕು, ಅಧ್ಯಕ್ಷರು ತೀರ್ಪು ಕೊಟ್ಟ ಮೇಲೆಯೇ ಸಭೆ ಮುಂದೆ ಸಾಗಬೇಕು. ಭಾಯಿ ಅದನ್ನು ಅಂಗಡಿಯಲ್ಲೇ ಬಳಸಲು ಶುರುಮಾಡಿದ. ಸರತಿ ಮುರಿದು ಕೈ ಚಾಚಿದ ಗಿರಾಕಿಗೆ ಕ್ರಿಯಾಲೋಪ. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಯಂತ್ರಕ್ಕೂ ಕ್ರಿಯಾಲೋಪ.

ನನಗೆ ಹಿಡಿಸಿದ್ದು ಧ್ವನಿಮತದ ಪಾಠ. ಅಧ್ಯಕ್ಷರು ಪ್ರಸ್ತಾವವನ್ನು ಓದಿ, ಪರವಾಗಿರುವವರು ‘ಹೌದು’ ಎನ್ನಿ, ವಿರೋಧವಾಗಿರುವವರು ‘ಇಲ್ಲ’ ಎನ್ನಿ ಎನ್ನುತ್ತಾರೆ. ಎರಡರ ಹೊರತು ಬೇರೆ ಯಾವ ಶಬ್ದವೂ ಮತವಲ್ಲ. ಓದಿ ನಾನು ನಕ್ಕೆ. ಇದು ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ. ನಮ್ಮಲ್ಲಿ ಯಾರೂ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಹ್ಞೂಂ ಅನ್ನುತ್ತೇವೆ.

ಭಾಯಿ ಒಪ್ಪಲಿಲ್ಲ. “ಹಮಾರೇ ಮೇ ಹೌ ಬೋಲೇ ತೋ ಹೌ, ನಕ್ಕೋ ಬೋಲೇ ತೋ ನಕ್ಕೋ. ಬೀಚ್ ಮೇ ಕುಛ್ ನೈ,” ಎಂದ. ಹೌ ಅಂದರೆ ಹೌದು, ನಕ್ಕೋ ಅಂದರೆ ಬೇಡ, ನಡುವೆ ಏನೂ ಇಲ್ಲ. ನಿಮ್ಮವರು ಪುಣ್ಯವಂತರು ಎಂದೆ.

ಹ್ಞೂಂ ಎಂಬುದು ಒಪ್ಪಿಗೆಯಲ್ಲ. ನಿನ್ನ ಮಾತು ನನ್ನ ಕಿವಿಗೆ ಬೀಳುತ್ತಿದೆ, ಮುಂದುವರಿಸು ಎಂಬ ರಸೀದಿ ಅಷ್ಟೆ. ಅದರ ದೊಡ್ಡ ಪಂಡಿತ ಔರಾದಿನ ನಮ್ಮ ದೊಡ್ಡಪ್ಪ. ಅವನಿಗೆ ಹಲವು ಹ್ಞೂಂಗಳಿದ್ದವು. ಮೂಗಿನಿಂದ ಬರುವುದೊಂದು, ಗದ್ದದಿಂದ ಬರುವುದೊಂದು, ಬಾಯಲ್ಲಿ ತಂಬಾಕು ಇದ್ದಾಗ ಗಂಟಲಲ್ಲೇ ಉಳಿಯುವುದೊಂದು. ಒಮ್ಮೆ ಒಬ್ಬ ಎತ್ತುಗಳನ್ನು ಕೇಳಲು ಬಂದು, ಹ್ಞೂಂ ಕೇಳಿಸಿಕೊಂಡು, ಎತ್ತು ಬಿಚ್ಚಿಕೊಂಡು ಹೋದನಂತೆ. ಹಿಂದೆಯೇ ಆಳು ಓಡಿಸಿ ತರಿಸಿದ ದೊಡ್ಡಪ್ಪ ಅಂದದ್ದು ಇಷ್ಟು: “ನಾ ಕೇಳ್ಲಾಕತ್ತಿದ್ದೆ. ಕೊಟ್ಟಿದ್ದಿಲ್ಲ.” ಈ ಕತೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಕೆಲವರು ಆಗ ಹುಟ್ಟಿಯೇ ಇರಲಿಲ್ಲ, ಅವರಲ್ಲಿ ನಾನೂ ಒಬ್ಬ.

ಅತ್ಯಾಳ ಫೋನು ಬಂದದ್ದು ಇದೇ ಧ್ವನಿಮತದ ಪಾಠ ಓದುತ್ತಿದ್ದಾಗ ಎಂದು ಬರೆಯಲು ಕೈ ತುಡಿಯುತ್ತದೆ. ಹಾಗೆ ಆಗಿರಲಾರದು. ಅದೇ ದಿನಗಳಲ್ಲಿ ಯಾವಾಗಲೋ ಬಂತು ಎನ್ನೋಣ.

ಅತ್ಯಾ ಭಾಲ್ಕಿಯವಳು, ಅಂದರೆ ಮದುವೆಯಾಗಿ ಹೋದದ್ದು ಭಾಲ್ಕಿಗೆ. ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಿಯಾದಳು. ಮಾಮಾ, ಅಂದರೆ ಅವಳ ಗಂಡ, ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಮನೆ ರೈಲು ನಿಲ್ದಾಣದ ಹತ್ತಿರ, ಫೋನಿನಲ್ಲಿ ಅವಳ ಮಾತಿನ ಹಿಂದೆ ಯಾವಾಗಲೂ ಒಂದು ಗಾಡಿ ಬರುತ್ತಲೋ ಹೋಗುತ್ತಲೋ ಇರುತ್ತದೆ. ಆ ದಿನ ಗಾಡಿ ಹೋಗುವವರೆಗೆ ಕಾದು ಕೇಳಿದಳು.

“ನೀ ಸಭಾ ನಡಸೋದು ಕಲಿಲಾಕತ್ತೀದಿ ಅಂತಲ್ಲ. ನಂದೊಂದು ಸಭಾ ನಡಸು.”

ವಿಷಯ ಹೀಗಿತ್ತು. ಜನವಾಡದಲ್ಲಿ ಪಂಪುಸೆಟ್ಟು ದುರಸ್ತಿಯ ಅಂಗಡಿ ಇಟ್ಟುಕೊಂಡಿರುವ ಒಬ್ಬರಿದ್ದರು. ಹೆಂಡತಿ ತೀರಿಹೋದವರು. ಬೀದರಿನಲ್ಲಿ ಪ್ರತಿ ಸೋಮವಾರ ಸಂಜೆ ನಡೆಯುವ ವಚನ ಗಾಯನಕ್ಕೆ ಅವರು ಜನವಾಡದಿಂದ, ಅತ್ಯಾ ಭಾಲ್ಕಿಯಿಂದ ಬರುತ್ತಿದ್ದರು. ಅವರ ದನಿ ಹಾಡಿಗೆ ಹೊಂದುತ್ತಿರಲಿಲ್ಲ, ಆದರೆ ಹಾರ್ಮೋನಿಯಂ ಪೆಟ್ಟಿಗೆಯ ತಿದಿ ಹರಿದಾಗ ಬಿಚ್ಚಿ ಸರಿಮಾಡಿ ಕೊಟ್ಟಿದ್ದರು. ಇಬ್ಬರೂ ಮದುವೆಯಾಗುವ ಮನಸ್ಸು ಮಾಡಿದ್ದರು. ಅತ್ಯಾ ಔರಾದಿಗೆ ಹೋದಾಗಲೆಲ್ಲ ಅಣ್ಣನ ಮುಂದೆ, ಅಂದರೆ ದೊಡ್ಡಪ್ಪನ ಮುಂದೆ, ಈ ಮಾತು ಎತ್ತಿದ್ದಳು. ಅವನು ಪ್ರತಿ ಸಲವೂ ಕೊನೆಯವರೆಗೆ ಕೇಳಿ, ಹ್ಞೂಂ ಅಂದಿದ್ದ. ಸಣ್ಣ ಅಣ್ಣ, ನಮ್ಮ ಕಾಕಾ, ಅಣ್ಣ ಹ್ಯಾಂಗಂದ್ರ ಹಾಂಗ ಅಂದಿದ್ದ. ನನ್ನ ತಂದೆ ಈಗಿಲ್ಲ.

ಕಾಯದೆಯ ಪ್ರಕಾರ ಯಾರ ಒಪ್ಪಿಗೆಯೂ ಬೇಕಿಲ್ಲವಲ್ಲ ಎಂದು ನನ್ನ ಹೆಂಡತಿ ಫೋನು ಕಸಿದುಕೊಂಡು ಹೇಳಿದಳು. ಅತ್ಯಾ ಮಕ್ಕಳಿಗೆ ಪಾಠ ಮಾಡಿದವಳು, ನಿಧಾನವಾಗಿ ಬಿಡಿಸಿ ಹೇಳಿದಳು.

“ಕಾಯದಾ ನನಗೂ ಗೊತ್ತದವಾ. ಹ್ಞೂಂ ಅಂದಾನ ಅಂತ ನಾ ಲಗ್ನ ಮಾಡ್ಕೊಂಡ್ರ, ನಾಳಿ ‘ನಾ ಬರೇ ಕೇಳ್ಲಾಕತ್ತಿದ್ದೆ’ ಅಂತಾನ. ಅವ ಹೌದು ಅನ್ಬೇಕು. ಅವನ ಕೈಲೆ ಅಕ್ಕಿಕಾಳು ಬೀಳ್ಬೇಕು. ಇಲ್ಲಾಂದ್ರ ನನಗ ಲಗ್ನ ಆದಂಗ ಅನಸಂಗಿಲ್ಲ.”

ಅವಳಿಗೆ ಬೇಕಾದದ್ದು ಒಂದು ಶಬ್ದ. ನನ್ನ ಕೋರ್ಸಿನಲ್ಲಿ ಆ ಒಂದು ಶಬ್ದಕ್ಕೇ ಒಂದು ಪಾಠವಿತ್ತು.

ಅದೃಷ್ಟವೋ ಏನೋ, ಕೋರ್ಸಿನ ಕೊನೆಗೆ ಒಂದು ಪ್ರಾಯೋಗಿಕ ಕೆಲಸವೂ ಇತ್ತು: ನಿಮ್ಮ ಸುತ್ತಲಿನ ಒಂದು ನಿಜವಾದ ಸಭೆಯನ್ನು ನಿಯಮದಂತೆ ನಡೆಸಿ, ನಡಾವಳಿ ಬರೆದು ಕಳಿಸಿ. ಕಾರ್ಯದರ್ಶಿಯಾಗಿ ಹೊರಗಿನವರೊಬ್ಬರು ಇರಬೇಕು. ಭಾಯಿ ಕೂಡಲೇ ಒಪ್ಪಿದ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರಟ್ಟಿನ ಪ್ಯಾಡು ಹಿಡಿದು ಬಸ್ಸು ನಿಲ್ದಾಣಕ್ಕೆ ಬಂದ. ಅತ್ಯಾ ಹಿಂದಿನ ದಿನವೇ ಭಾಲ್ಕಿಯಿಂದ ನಮ್ಮ ಮನೆಗೆ ಬಂದಿದ್ದಳು. ನಾವು ನಾಲ್ಕು ಜನ ಔರಾದಿನ ಬಸ್ಸು ಹತ್ತಿದೆವು.

ಬಸ್ಸು ಜನವಾಡದಲ್ಲಿ ನಿಂತಿತು. ಕಿಟಕಿಯ ಕೆಳಗೆ ಒಬ್ಬರು ಬಂದು ನಿಂತರು. ಬಿಳಿ ಅಂಗಿ, ಕೈಗೆ ಹತ್ತಿದ ಗ್ರೀಸನ್ನು ಆಗಷ್ಟೇ ಒರೆಸಿಕೊಂಡ ಗುರುತು. ಅವರೇ. ಸಭೆಗೆ ಅವರನ್ನು ಕರೆದಿರಲಿಲ್ಲ. ಯಾರ ವಿಷಯ ಚರ್ಚೆಯಲ್ಲಿದೆಯೋ ಅವರು ಹೊರಗಿರಬೇಕು ಎಂದು ನಾನೇ ನಿಯಮ ಹೇಳಿದ್ದೆ. ಆ ನಿಯಮ ಪಾಠದಲ್ಲಿತ್ತೋ ನಾನು ಹುಟ್ಟಿಸಿದೆನೋ ಈಗ ನೆನಪಿಲ್ಲ. ಕಿಟಕಿಯಿಂದ ಪೇರಲ ಹಣ್ಣಿನ ಚೀಲ ಒಳಗೆ ಕೊಟ್ಟರು. ಅತ್ಯಾಳ ಮುಖ ನೋಡದೆ ನನಗೆ ಹೇಳಿದರು, “ಅವರಿಗಿ ಎದುರಿಗಿ ಹಲ್ಲಿಲ್ಲಂತಲ್ಲರಿ. ಮೆತ್ತಗಿದ್ದವು ನೋಡಿ ತಂದೇನಿ.” ದೊಡ್ಡಪ್ಪನಿಗಾಗಿ ಆರಿಸಿ ತಂದ ಹಣ್ಣು. ಬಸ್ಸು ಹೊರಟಿತು. ಅತ್ಯಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಭಾಯಿ ಒಂದು ಹಣ್ಣಿಗೆ ಕೈ ಹಾಕಿದಾಗ ಮೆಲ್ಲಗೆ ಹೊಡೆದಳು.

ಇಲ್ಲಿ ಹೆಂಡತಿಯದೊಂದು ತಿದ್ದುಪಡಿ ಇದೆ. ಕೈ ಹಾಕಿದ್ದು ಭಾಯಿ ಅಲ್ಲವಂತೆ, ನಾನಂತೆ. ತಿದ್ದುಪಡಿಯನ್ನು ಸ್ವೀಕರಿಸಿದ್ದೇನೆ, ವಾಕ್ಯವನ್ನು ಬದಲಿಸಿಲ್ಲ.

ಔರಾದಿನಲ್ಲಿ ದೊಡ್ಡಪ್ಪನ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಕಾಕಾ. ದೊಡ್ಡವ್ವ ಒಳಬಾಗಿಲ ಹೊಸ್ತಿಲಲ್ಲಿ ಸೊಪ್ಪು ಸೋಸುತ್ತ ಕೂತಳು. ಭಾಯಿಗೆ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಅವನು ಬಂದ ಕೂಡಲೇ ದೊಡ್ಡಪ್ಪ ಅವನೊಡನೆ ದಖ್ಖನಿಯಲ್ಲಿ ಮಾತಿಗಿಳಿದು, ಬೀದರಿನ ಹಳೆಯ ಚಹಾ ಅಂಗಡಿಗಳನ್ನೆಲ್ಲ ಒಂದು ಸುತ್ತು ಹಾಕಿ ಬಂದ. ನಮಗಿಂತ ಅವನೇ ಮನೆಯವನಾದ.

ನಾನು ಸಭೆಯ ನಿಯಮಗಳನ್ನು ಓದಿ ಹೇಳಿದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು. ವಿಷಯ ಬಿಟ್ಟು ಆಚೆ ಹೋಗಬಾರದು. ಎಲ್ಲ ಮಾತೂ ಅಧ್ಯಕ್ಷರನ್ನು ಉದ್ದೇಶಿಸಿ ಇರಬೇಕು. ಅಧ್ಯಕ್ಷ ಯಾರು ಎಂದು ಕಾಕಾ ಕೇಳಿದ. ನಾನು ಎಂದೆ. ದೊಡ್ಡವ್ವ ಸೊಪ್ಪಿನಿಂದ ತಲೆ ಎತ್ತಿದಳು.

“ಸಣ್ಣವಿದ್ದಾಗ ಇದೇ ಪಡಸಾಲ್ಯಾಗ ಚಣ್ಣ ಇಲ್ಲದ ಓಡಾಡ್ತಿದ್ದ. ಈಗ ಅಧ್ಯಕ್ಷ ಆಗ್ಯಾನ. ಮಾತಾಡ್ರಿ ಎಲ್ಲರೂ ಇವನ ಕೂಡ.”

ನನ್ನ ಹೆಂಡತಿ ಪ್ರಸ್ತಾವ ಮಂಡಿಸಿದಳು: ಅತ್ಯಾಳ ಮದುವೆಗೆ ಈ ಮನೆ ಒಪ್ಪುತ್ತದೆ. ಇದನ್ನು ಯಾರಾದರೂ ಅನುಮೋದಿಸಬೇಕು ಎಂದೆ. ಅನುಮೋದನೆ ಅಂದ್ರ ಏನು ಎಂದು ದೊಡ್ಡವ್ವ ಕೇಳಿದಳು. ಮಂಡಿಸಿದವರ ಬೆನ್ನಿಗೆ ಇನ್ನೊಬ್ಬರು ನಿಲ್ಲುವುದು ಎಂದೆ. “ನಿಲ್ಲೋದೇನು, ನಾ ಕುಂತೇ ಇದ್ದೇನಿ ಬೆನ್ನಿಗಿ,” ಎಂದು ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ದೊಡ್ಡಪ್ಪ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಭಾಯಿ ಬರೆದುಕೊಂಡ.

ಅತ್ಯಾ ಎದ್ದು ನಿಂತು ಮಾತಾಡಿದಳು. ನಿಲ್ಲಬೇಕೆಂದು ಹೇಳಿದ್ದು ನಾನೇ, ಆದರೆ ತನ್ನ ತವರಿನ ಪಡಸಾಲೆಯಲ್ಲಿ ಅಣ್ಣಂದಿರು ಕೂತಿರುವಾಗ ಅವಳು ನಿಂತದ್ದನ್ನು ಕಂಡು ನನಗೇ ಮುಜುಗರವಾಯಿತು. ಅವಳಿಗೆ ಆಗಲಿಲ್ಲ. ತರಗತಿಯಲ್ಲಿ ನಿಂತವಳಂತೆ ನಿಂತಳು.

“ಮುಂಜಾನಿ ಎದ್ದು ಚಹಾ ಇಡ್ತೇನಿ. ಒಂದು ಕಪ್ಪು ಚಹಾ ಮಾಡ್ಲಾಕ ನನಗ ಇನ್ನೂ ಬರಂಗಿಲ್ಲ. ಯಾವಾಗಲೂ ಹೆಚ್ಚಾಗ್ತದ. ಹೆಚ್ಚಾದದ್ದು ಕುಡಿಲಾಕ ಒಬ್ಬರು ಬೇಕು, ಅಷ್ಟೇ. ನಾ ಯಾರನ್ನೂ ಮರೀಲಾಕ ಹೋಗ್ಲಾಕತ್ತಿಲ್ಲ.”

ಕೊನೆಯ ವಾಕ್ಯವನ್ನು ದೊಡ್ಡಪ್ಪನಿಗೆ ಹೇಳಿದಳು. ಇದರ ಹಿಂದೆ ಒಂದು ಸಂಗತಿ ಇದೆ. ತೀರಿಹೋದ ಮಾಮಾ ಮೊದಲು ದೊಡ್ಡಪ್ಪನ ಗೆಳೆಯ, ಆಮೇಲೆ ಅತ್ಯಾಳ ಗಂಡ. ಇಬ್ಬರೂ ಒಂದೇ ರೇಡಿಯೋದ ಮುಂದೆ ಕೂತು ಬೆಳೆದವರು. ಗೆಳೆಯನನ್ನು ಬಿಡಲಾರದೆ ದೊಡ್ಡಪ್ಪ ತಂಗಿಯನ್ನೇ ಕೊಟ್ಟು ಮನೆಯವನನ್ನಾಗಿ ಮಾಡಿಕೊಂಡ ಎಂದು ಎಲ್ಲರೂ ಹೇಳುತ್ತಾರೆ. ಈ ಹ್ಞೂಂ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಅತ್ಯಾಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಪ್ರಸ್ತಾವವನ್ನು ಮತಕ್ಕೆ ಹಾಕಿದೆ. ಪರವಾಗಿರುವವರು ಹೌದು ಎನ್ನಿ. ಹೆಂಡತಿ ಹೌದು ಎಂದಳು. ದೊಡ್ಡವ್ವ ಹೌದು ಎಂದಳು. ಕಾಕಾ ಅಣ್ಣನ ಕಡೆ ನೋಡಿದ. ದೊಡ್ಡಪ್ಪ ಚಹಾವನ್ನು ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದು ಅಂದ:

“ಹ್ಞೂಂ.”

ಅದು ಮೂಗಿನ ಹ್ಞೂಂ ಅಲ್ಲ, ಗಂಟಲಿನದೂ ಅಲ್ಲ. ಇದುವರೆಗೆ ಕೇಳದ, ಸ್ವಲ್ಪ ಮೆತ್ತಗಿನ ಹ್ಞೂಂ ಎಂದು ನನಗೆ ಅನಿಸಿತು. ಅತ್ಯಾ ಇನ್ನೂ ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಅಧ್ಯಕ್ಷನ ಗತ್ತಿನಲ್ಲಿ, ಹೌದು ಎನ್ನುವವರೇ ಹೆಚ್ಚು, ಪ್ರಸ್ತಾವ ಅಂಗೀಕಾರವಾಗಿದೆ ಎಂದುಬಿಟ್ಟೆ.

ಭಾಯಿ ಕುರ್ಚಿಯಿಂದ ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಪಾಠದಲ್ಲಿದ್ದಂತೆ, ಒಂದು ಅಕ್ಷರವೂ ತಪ್ಪದಂತೆ ಹೇಳಿದ.

“ಮಾನ್ಯ ಅಧ್ಯಕ್ಷರೇ, ಕ್ರಿಯಾಲೋಪ.”

ಅವನು ಹೇಳಿದ್ದು ಸರಿ. ಹ್ಞೂಂ ಮತವಲ್ಲ. ಆದರೆ ಆ ಮಾತು ಆ ಪಡಸಾಲೆಯಲ್ಲಿ ಹೇಗೆ ಬಿತ್ತೆಂದರೆ ಕಾಕಾ ಕೂತಲ್ಲೇ ಸೆಟೆದ. ದೊಡ್ಡವ್ವನ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು. ನಮ್ಮ ಲಿಂಗಾಯತರ ಮನೆಗಳಲ್ಲಿ ಕ್ರಿಯಾ ಎಂದರೆ ಒಂದೇ. ಸತ್ತವರನ್ನು ಮಣ್ಣಿಗೆ ಇಡುವ ಕ್ರಿಯಾಸಮಾಧಿ. ಎಷ್ಟೋ ಸಲ ಓದಿದ್ದ ನನಗೇ ಅದು ಹೊಳೆದಿರಲಿಲ್ಲ, ಭಾಯಿಗೆ ಹೇಗೆ ಹೊಳೆಯಬೇಕು? ಅಂಗಡಿಯಲ್ಲಿ ಕಾಗದ ಸಿಕ್ಕಿಕೊಂಡಾಗ ಅನ್ನುತ್ತಿದ್ದ ಮಾತು, ಇಲ್ಲಿ ಒಬ್ಬ ಸತ್ತ ಮನುಷ್ಯನ ಮೇಲೆ ಹೋಗಿ ನಿಂತಿತು.

ದೊಡ್ಡಪ್ಪ ಬಸಿಯನ್ನು ಕೆಳಗಿಟ್ಟ.

“ಯಾರ ಕ್ರಿಯಾದಾಗ ಲೋಪ?”

ನಾನು ವಿವರಿಸಲು ಹೋದೆ. ಕೈ ಎತ್ತಿ ನನ್ನನ್ನು ನಿಲ್ಲಿಸಿದ. ಸಭೆಯ ನಿಯಮ ಅವನಿಗೆ ನನಗಿಂತ ಬೇಗ ಹತ್ತಿತ್ತು. ಭಾಯಿಯ ಕಡೆಗೆ ತಿರುಗಿ, ಸಿಟ್ಟಿನಿಂದಲ್ಲ, ಸಾಕ್ಷಿ ಹೇಳುವವನಂತೆ ಹೇಳತೊಡಗಿದ. ನಾನು ಅವನನ್ನು ಕಂಡ ಇಷ್ಟು ವರ್ಷಗಳಲ್ಲಿ ಒಂದೇ ಸಲಕ್ಕೆ ಅಷ್ಟು ಮಾತು ಕೇಳಿರಲಿಲ್ಲ. ಗೆಳೆಯ ತೀರಿದ ದಿನ ಭಾಲ್ಕಿಗೆ ಮೊದಲು ಮುಟ್ಟಿದವನು ತಾನೇ. ತೆಗ್ಗು ತೋಡುವವರಿಗೆ ಅಳತೆ ಕೊಟ್ಟವನು ತಾನೇ, ಸಾಲದೆನಿಸಿ ತಾನೇ ಒಳಗೆ ಇಳಿದು ನಿಂತು ನೋಡಿದ್ದ. ಅಯ್ಯನವರನ್ನು ಕರೆತಂದದ್ದು, ವಿಭೂತಿ, ಪತ್ರಿ ತಂದದ್ದು, ಗೆಳೆಯನನ್ನು ಕೂರಿಸಿದಾಗ ತಲೆ ಒಂದು ಕಡೆ ವಾಲಿದ್ದಕ್ಕೆ ತಾನೇ ಕೈ ಹಚ್ಚಿ ನೆಟ್ಟಗೆ ಮಾಡಿದ್ದು. ಗಣಾರಾಧನೆಯ ದಿನ ಊಟಕ್ಕೆ ಬಂದವರಲ್ಲಿ ಒಬ್ಬರೂ ಹಸಿದು ಹೋಗಲಿಲ್ಲ. ಹುಗ್ಗಿಗೆ ಬೆಲ್ಲ ತಾನೇ ನಿಂತು ಹಾಕಿಸಿದ್ದ, ಅವನಿಗೆ ಸಿಹಿ ಸೇರುತ್ತಿತ್ತು ಎಂದು.

ಯಾರೂ ಹ್ಞೂಂ ಅನ್ನಲಿಲ್ಲ. ಅನ್ನಬೇಕಾದವನೇ ಮಾತಾಡುತ್ತಿದ್ದ.

ಕೊನೆಗೆ ಭಾಯಿಯನ್ನು ಬಿಟ್ಟು ತಂಗಿಯ ಕಡೆ ತಿರುಗಿದ. “ನೀನೇ ಹೇಳು. ಏನರ ಉಳದಿತ್ತೇನು?”

ಅತ್ಯಾ ನಿಂತವಳು ಬಂದು ಅವನ ಎದುರಿಗೆ ಕೂತಳು. ನಿಯಮದ ಪ್ರಕಾರ ಅದೂ ತಪ್ಪು.

“ಮಾಡಿದಾತ ನೀ ಇದ್ದಿ ಅಣ್ಣಾ. ನೀನೇ ಹೇಳ್ಬೇಕು. ಅವರದ್ದು ನಮ್ಮ ಕಡಿ ಏನರ ಬಾಕಿ ಉಳದದೇನು?”

“ಏನೂ ಇಲ್ಲ.”

“ಎಲ್ಲಾ ಪೂರಾ ಆಗ್ಯದಲ್ಲ?”

“ಹೌದು,” ಎಂದ ದೊಡ್ಡಪ್ಪ. “ಪೂರಾ ಆಗ್ಯದ.”

ಹೌದು ಎಂಬ ಆ ಶಬ್ದ ಅವನ ಬಾಯಿಂದ ಹೊರಬಿದ್ದದ್ದನ್ನು ಅವನೇ ಎಲ್ಲರಿಗಿಂತ ಕೊನೆಗೆ ಕೇಳಿಸಿಕೊಂಡನೇನೋ. ದೊಡ್ಡವ್ವ ಹೊಸ್ತಿಲಿಂದ, ಸಾಯೋತನಕ ಈ ಮಾತು ಕೇಳ್ತೀನಿ ಅಂದ್ಕೊಂಡಿದ್ದಿಲ್ಲ ಎಂದಳು. ಕಾಕಾ ನಕ್ಕ. ಅವನು ನಕ್ಕದ್ದೇ ತಡ, ಇಷ್ಟು ಹೊತ್ತು ಬಿಗಿದು ಕೂತಿದ್ದ ಪಡಸಾಲೆ ಸಡಿಲವಾಯಿತು. ದೊಡ್ಡಪ್ಪ ನಗಲಿಲ್ಲ. ಪೇರಲದ ಚೀಲವನ್ನು ಹತ್ತಿರ ಎಳೆದುಕೊಂಡು, ಒಂದು ಹಣ್ಣನ್ನು ಒತ್ತಿ ನೋಡಿ, ಮೆತ್ತಗಿರುವುದನ್ನು ಕಂಡು, ಇದು ಯಾರು ತಂದದ್ದು ಎಂದು ಕೇಳಿದ. ಜನವಾಡದಿಂದ ಬಂದದ್ದು ಎಂದಳು ಅತ್ಯಾ. ಹಲ್ಲಿಲ್ಲ ಅಂತ ಯಾರು ಹೇಳಿದ್ರು ಅವಗ ಎಂದ. ನಾನೇ ಎಂದಳು. ಹಣ್ಣನ್ನು ಎರಡು ಹೋಳು ಮಾಡಿ ಒಂದನ್ನು ಅವಳಿಗೆ ಕೊಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ.

“ಏನು ನೋಡ್ತೀಯೋ ತಮ್ಮಾ. ಹೌದು ಅಂದೇನಿ. ಬರ್ಕೋರಿ ಅನ್ನು ನಿನ್ನ ಭಾಯಿಗಿ.”

ಭಾಯಿ ಬರೆದುಕೊಂಡ. ಕಾಕಾನೂ ಹೌದು ಎಂದ, ಯಾರೂ ಕೇಳದಿದ್ದರೂ.

ನಾನು ಈಗ ಬರೆದದ್ದನ್ನು ಅಂದು ಅಲ್ಲಿದ್ದವರಿಗೆ ಓದಿ ಹೇಳಿದ್ದೇನೆ. ಯಾರೂ ಪೂರ್ತಿ ಒಪ್ಪಿಲ್ಲ. ಕ್ರಿಯಾಲೋಪ ಎಂದವನು ತಾನಲ್ಲ, ನೀವೇ ಎಂದು ಭಾಯಿ ಈಗ ಸಾಧಿಸುತ್ತಾನೆ. ಅಷ್ಟು ದೊಡ್ಡ ತಪ್ಪು ಮಾತನ್ನು ಲಿಂಗಾಯತರ ಮನೆಯಲ್ಲಿ ತಾನು ಆಡುವುದುಂಟೇ ಎಂಬುದು ಅವನ ವಾದ. ಆ ತಪ್ಪು ಮಾತಿನಿಂದಲೇ ಕೆಲಸವಾಯಿತು ಎಂದರೆ, ಹಾಗಿದ್ದರೆ ತಾನೇ ಆಡಿರಬಹುದು ಎನ್ನುತ್ತಾನೆ. ಅತ್ಯಾ ಹೇಳುವಂತೆ, ಅಣ್ಣ ಮೊದಲ ಹ್ಞೂಂನಲ್ಲೇ ಒಪ್ಪಿದ್ದ, ಉಳಿದದ್ದು ನಮ್ಮ ಗದ್ದಲ. ದೊಡ್ಡಪ್ಪನನ್ನೂ ಕೇಳಿದೆ. ಪೂರ್ತಿ ಕೇಳಿಸಿಕೊಂಡು ಹ್ಞೂಂ ಎಂದ.

ನಡಾವಳಿಯಲ್ಲಿ ಮಾತ್ರ ಯಾವ ಜಗಳವೂ ಇಲ್ಲ. ಭಾಯಿಯ ದುಂಡು ಅಕ್ಷರದಲ್ಲಿ ಎರಡೇ ಸಾಲು ಇವೆ: ಒಂದು ಕ್ರಿಯಾಲೋಪ ಎತ್ತಲಾಯಿತು; ಪ್ರಸ್ತಾವವನ್ನು ಧ್ವನಿಮತದ ಮೂಲಕ ಅಂಗೀಕರಿಸಲಾಯಿತು. ತೆಗ್ಗಿಗೆ ಇಳಿದದ್ದು, ಬೆಲ್ಲ, ವಾಲಿದ ತಲೆ, ಪೇರಲ, ಯಾವುದೂ ಇಲ್ಲ. ನಡಾವಳಿ ಎಂದರೆ ಹೀಗೇ ಇರಬೇಕು ಎಂದು ಪಾಠ ಹೇಳುತ್ತದೆ: ಏನು ತೀರ್ಮಾನವಾಯಿತೋ ಅಷ್ಟೇ, ಯಾರು ಏನಂದರು ಎಂಬುದು ಬೇಡ. ನಾನು ಇಲ್ಲಿ ಬರೆದಿರುವುದೆಲ್ಲ ಅದು ಬೇಡ ಎಂದ ಭಾಗ.

ಮದುವೆ ಭಾಲ್ಕಿಯಲ್ಲಿ ಅತ್ಯಾಳ ಮನೆಯ ಮುಂದೆಯೇ ಒಂದು ಮುಂಜಾನೆ ಆಯಿತು. ದೊಡ್ಡಪ್ಪ ಎಲ್ಲರಿಗಿಂತ ಮೊದಲು ಬಂದು ಪೆಂಡಾಲಿನ ಹಗ್ಗ ಎಳೆದು ನೋಡುತ್ತಿದ್ದ. ಅಕ್ಕಿಕಾಳು ಹಾಕುವ ಹೊತ್ತಿಗೆ ಒಂದು ಗಾಡಿ ಬಂದು, ಮಂತ್ರ ಯಾರಿಗೂ ಕೇಳಿಸಲಿಲ್ಲ. ದೊಡ್ಡಪ್ಪ ಮುಷ್ಟಿ ಬಿಗಿಹಿಡಿದು ಗಾಡಿ ದಾಟುವವರೆಗೆ ಕಾದು, ಮತ್ತೊಮ್ಮೆ ಹೇಳಿಸಿ, ಆಮೇಲೆ ಹಾಕಿದ. ಬಹಳಷ್ಟು ಕಾಳು ಜನವಾಡದ ಮಾಮಾನ ಅಂಗಿಯ ಕಿಸೆಗೇ ಬಿದ್ದವು.

ಕೋರ್ಸಿನ ಫಲಿತಾಂಶ ಬಂತು. ನಾನು ಪಾಸಾಗಿದ್ದೆ, ಭಾಯಿ ನನಗಿಂತ ಚೆನ್ನಾಗಿ ಪಾಸಾಗಿದ್ದ. ನನ್ನ ಪ್ರಾಯೋಗಿಕದ ಕೆಳಗೆ ಪರೀಕ್ಷಕರು ಒಂದು ಮಾತು ಬರೆದಿದ್ದರು: ಕ್ರಿಯಾಲೋಪ ಎತ್ತಿದಾಗ ಅಧ್ಯಕ್ಷರು ತೀರ್ಪು ನೀಡಬೇಕಿತ್ತು, ನೀಡಿದಂತೆ ಕಾಣುವುದಿಲ್ಲ. ನಿಜ. ಆ ತೀರ್ಪು ಇನ್ನೂ ಕೊಟ್ಟಿಲ್ಲ. ಹೋದಾಗಲೆಲ್ಲ ಭಾಯಿ ಕೇಳುತ್ತಾನೆ, ನಾನು ಕಾಯ್ದಿರಿಸಿದ್ದೇನೆ ಎನ್ನುತ್ತೇನೆ. ಪ್ರಮಾಣಪತ್ರವನ್ನು ಹೆಂಡತಿ ಜೇನುಪೆಟ್ಟಿಗೆಯ ಮೇಲೆ ಒರಗಿಸಿ ಇಟ್ಟಿದ್ದಾಳೆ. ಮುಗಿಸಿದ ಕೋರ್ಸು ಇದೊಂದೇ ಆದ್ದರಿಂದ ಬೆಳ್ಳುಳ್ಳಿಯ ಜತೆ ಒಳಗೆ ಹಾಕಲು ಅವಳಿಗೆ ಮನಸ್ಸು ಬಂದಿಲ್ಲ.

ಅತ್ಯಾ ಈಗ ಜನವಾಡದಲ್ಲಿದ್ದಾಳೆ. ಫೋನಿನ ಹಿಂದೆ ಗಾಡಿಯ ಬದಲು ಪಂಪುಸೆಟ್ಟಿನ ಸದ್ದು. ಮೊನ್ನೆ ಫೋನು ಮಾಡಿ, ಭಾನುವಾರ ಇಬ್ಬರೂ ಊಟಕ್ಕೆ ಬರಬೇಕು, ಹೋಳಿಗೆ ಮಾಡುತ್ತೇನೆ ಎಂದಳು. ನಾನು ಯಾವುದೋ ಪುಟ ಓದುತ್ತಿದ್ದೆ.

“ಹ್ಞೂಂ,” ಎಂದೆ.

ಪಂಪು ಸದ್ದು ಮಾಡುತ್ತಿತ್ತು. ಹಿಂದಿನಿಂದ ಮಾಮಾನ ದನಿ ಕೇಳಿಸಿತು: “ಹೌದು ಅನ್ರಿ ಲಗೂನ. ನಾ ಈಗ ಎಲ್ಲದಕ್ಕೂ ಹೌದೇ ಅಂತೇನಿ.”

ಹೌದು ಅತ್ಯಾ, ಬರ್ತೇವಿ ಎಂದೆ. ಇಲ್ಲಿಗೆ ನಿಲ್ಲಿಸಿದರೆ ಚಂದ. ಆದರೆ ಆ ಭಾನುವಾರ ಓಣಿಯಲ್ಲಿ ಪೈಪಿನ ಸಭೆ ಇತ್ತು, ಅಧ್ಯಕ್ಷ ನಾನೇ ಆಗಬೇಕೆಂದು ಎಲ್ಲರೂ ಹಟ ಹಿಡಿದರು, ಹೋಗಲಾಗಲಿಲ್ಲ. ಹೋಳಿಗೆಯನ್ನು ಮರುದಿನ ಹೆಂಡತಿ ಶಾಲೆಗೆ ಹೊರಡುವ ಹೊತ್ತಿಗೆ ತಲುಪುವಂತೆ ಅತ್ಯಾ ಬಸ್ಸಿನಲ್ಲಿ ಕಳಿಸಿದ್ದಳು. ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿತ್ತು, ಶಾಲೆಯ ಮಾಸ್ತರಣಿಯ ಅಕ್ಷರ, ಒಂದೇ ಮಾತು: ಕ್ರಿಯಾಲೋಪ.